ವಿದ್ಯುತ್ ಮೋಟಾರು ನಿಧಾನವಾಗಿ ಹೊರಡುವುದಕ್ಕೆ ಕಾರಣಗಳೂ ಪರಿಹಾರಗಳೂ

ಚನ್ನಗಿರಿ, ಹೊನ್ನಾಳಿ ಮತ್ತು ನ್ಯಾಮತಿ ತಾಲ್ಲೂಕುಗಳ ಅಡಿಕೆ ಬೆಳೆಗಾರರಲ್ಲಿ ಅನೇಕರು ಸುಲಿಯುವ ಯಂತ್ರವನ್ನೂ, ಜಗಳೂರಿನ ಕಡೆಯ ರೈತರು ಮೇವು ಕತ್ತರಿಸುವ ಯಂತ್ರವನ್ನೂ ಸಿಂಗಲ್ ಫೇಸ್ ಮೋಟಾರಿನಿಂದ ನಡೆಯಿಸುವುದುಂಟು. ಕುಡುಗೋಲು, ಮಚ್ಚುಗಳ ಸಾಣೆಯಂತ್ರಕ್ಕೂ ಇಂತಹ ಮೋಟಾರೇ. ಇದು ಗುಂಯ್ಗುಡುತ್ತ ನಿಧಾನವಾಗಿ ಹೊರಡುವುದಾದರೆ ಅಲಕ್ಷ್ಯ ಮಾಡಕೂಡದು. ಹೊರಡುವಾಗ ಮೋಟಾರು ಮಾಮೂಲಿಗಿಂತ ಐದಾರು ಪಟ್ಟು ಕರೆಂಟನ್ನು ಎಳೆಯುವುದು. ಆ ಕಾಲವು ದೀರ್ಘವಾದಷ್ಟೂ ಒಳಗಿನ ಸುರುಳಿಯು ಕಾದು ಸುಟ್ಟುಹೋಗುವುದು. ಕೊಯ್ಲಿನ ನಡುವೆ ಹೀಗಾದರೆ ಸುಲಿಯದ ಹಸಿ ಅಡಿಕೆಯು ರಾಶಿಯಲ್ಲಿಯೇ ಕೆಡುವುದು.

ಮೊದಲು ಸ್ವಿಚ್ಚನ್ನು ಆರಿಸಿ, ಫ್ಯೂಸನ್ನು ತೆಗೆದು, ಬೆಲ್ಟನ್ನು ಕಳಚಿ, ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡತಕ್ಕದ್ದು. ಬಿಗಿಯಾಗಿದ್ದರೆ ದೋಷವು ಪ್ರಾಯಶಃ ಬೇರಿಂಗಿನದು. ಸಲೀಸಾಗಿ ತಿರುಗಿದರೆ, ಫ್ಯೂಸನ್ನು ಪುನಃ ಇಟ್ಟು ಬೆಲ್ಟಿಲ್ಲದೆಯೇ ನಡೆಯಿಸಬೇಕು. ಆಗ ಚುರುಕಾಗಿ ಹೊರಟರೆ ಬೆಲ್ಟಿನ ಅತಿ ಬಿಗಿ, ಯಂತ್ರದಲ್ಲಿ ಸಿಕ್ಕಿದ ಸಿಪ್ಪೆ, ಇಲ್ಲವೆ ವೋಲ್ಟೇಜಿನ ಕೊರತೆ ಕಾರಣವಾಗಿರಬಹುದು.

ಹಳ್ಳಿಗಳಲ್ಲಿ ಈ ಕೊನೆಯದನ್ನೇ ಮುಖ್ಯವಾಗಿ ಶಂಕಿಸಬೇಕು. 230 ವೋಲ್ಟು ಇರಬೇಕಾದಲ್ಲಿ 184 ಇದ್ದರೆ ಇಳಿದದ್ದು ಐದರಲ್ಲಿ ಒಂದು ಪಾಲು ಮಾತ್ರ; ಆದರೆ ಹೊರಡುವ ಬಲವು 100ಕ್ಕೆ 64ರಷ್ಟೇ ಉಳಿಯುವುದು. ತಿಳಿದ ಕೆಲಸಗಾರನಿಂದ ಮೀಟರಿನ ಹಲಗೆಯಲ್ಲಿಯೂ ಮೋಟಾರಿನ ಬಳಿಯಲ್ಲಿಯೂ, ಅದು ಹೊರಡುತ್ತಿರುವಾಗಲೇ ಅಳೆಯಿಸತಕ್ಕದ್ದು. ಹಲಗೆಯಲ್ಲಿ ಸರಿಯಿದ್ದು ಮೋಟಾರಿನಲ್ಲಿ ಇಳಿದರೆ, ಮನೆಯಿಂದ ಕಣದವರೆಗೆ ಎಳೆದ ಸಣ್ಣ ತಂತಿ ಅಥವಾ ಸಡಿಲವಾದ ಜೋಡಣೆಯೇ ದೋಷ. ದಪ್ಪ ತಂತಿಯ ಖರ್ಚು ಒಂದು ಸಾರಿಯದು. ಸುಟ್ಟ ಮೋಟಾರಿಗೆ ವೈಂಡಿಂಗ್ ಮಾಡಿಸುವ ಖರ್ಚು ವರ್ಷವರ್ಷವೂ ಬರಬಹುದು. ಹಲಗೆಯಲ್ಲಿಯೇ ಕಡಮೆಯಿದ್ದರೆ ಗ್ರಾಮದ ಯಜಮಾನರು ವೇಳೆಯನ್ನೂ ಅಂಕಿಯನ್ನೂ ಕೆಲವು ದಿನ ಬರೆದಿಡಿಸಿ ಬೆಸ್ಕಾಂ ಕಚೇರಿಗೆ ಅರ್ಜಿ ಕೊಡಿಸುವುದು ಯುಕ್ತವು.

ವೋಲ್ಟೇಜು ಸರಿಯಿದ್ದು, ಬೆಲ್ಟಿಲ್ಲದೆಯೂ ಮೋಟಾರು ಗುಂಯ್ಗುಟ್ಟುತ್ತ ನಿಂತರೆ ಒಡನೆಯೇ ಆರಿಸಬೇಕು. ಪುಲ್ಲಿಯನ್ನು ಕೈಯಿಂದ ತಳ್ಳಿ ಹೊರಡಿಸುವ ರೂಢಿಯು ಬೆರಳಿಗೆ ಅಪಾಯಕರ. ಇಲ್ಲಿ ಶಂಕಿಸತಕ್ಕದ್ದು ಕೆಪಾಸಿಟರನ್ನು, ಎಂದರೆ ಜನರು ಕಂಡೆನ್ಸರ್ ಎನ್ನುವ ಡಬ್ಬಿಯನ್ನು. ಉಬ್ಬಿದ್ದರೂ ಎಣ್ಣೆ ಸೋರಿದ್ದರೂ ಅದು ಕೆಟ್ಟಿತೆಂದೇ ಎಣಿಸಬಹುದು. ನೋಟಕ್ಕೆ ಚೆನ್ನಾಗಿದ್ದೂ ಕೆಟ್ಟಿರಬಹುದು. ಹೊಸದು ಅದೇ ಬಗೆಯದಾಗಿ, ಅದೇ ಮೈಕ್ರೋಫ್ಯಾರಡಿನದಾಗಿ, ಬರೆದ ವೋಲ್ಟೇಜಿಗೆ ಕಡಮೆಯಿಲ್ಲದ್ದಾಗಿರಬೇಕು. ಕರೆಂಟು ತೆಗೆದ ಮೇಲೆಯೂ ಡಬ್ಬಿಯಲ್ಲಿ ವಿದ್ಯುತ್ತು ನಿಂತಿರುವುದರಿಂದ, ಕೆಲಸ ತಿಳಿಯದವರು ಅದರ ತುದಿಗಳನ್ನು ಮುಟ್ಟಲೇಕೂಡದು.

ಕೆಲವು ಮೋಟಾರುಗಳೊಳಗೆ, ಮುಕ್ಕಾಲು ವೇಗ ಬಂದೊಡನೆ ಹೊರಡಿಸುವ ಸುರುಳಿಯನ್ನು ಕಳಚುವ ಸ್ವಿಚ್ಚು ಇರುವುದು. ಸಿಪ್ಪೆಯ ಧೂಳು ತುಂಬಿ ಇದು ತೆರೆದೇ ಉಳಿದರೆ ಮೋಟಾರು ಹೊರಡದು. ಮುಚ್ಚಿಯೇ ಉಳಿದರೆ ಆ ಸುರುಳಿಯು ಸುಡುವುದು. ಎಂದಿನಂತೆ ಟಕ್ಕೆಂಬ ಸದ್ದು ಕೇಳದಿದ್ದಲ್ಲಿ, ಬಿಚ್ಚಿ ಶುದ್ಧಮಾಡಿಸುವವರೆಗೆ ಯಂತ್ರವನ್ನು ನಡೆಯಿಸಕೂಡದು.