ವಾಷಿಂಗ್ ಮಷಿನ್ ನಾರುತ್ತಿದೆಯೇ? ಮೊದಲು ಪುಡಿ ಕಡಿಮೆ ಮಾಡಿ

ಒಣಗಿದಾಗ ಚೆನ್ನಾಗಿಯೇ ಇದ್ದ ಟವೆಲ್, ಮೈ ಒರೆಸಿ ಒದ್ದೆಯಾದ ಕೂಡಲೇ ಮುಗ್ಗಲು ವಾಸನೆ ಹೊಡೆಯುತ್ತದೆ. ಬಟ್ಟೆಯಲ್ಲಿ ಉಳಿದ ಮೈಜಿಡ್ಡನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳ ಕೆಲಸವಿದು. ಇದಕ್ಕೆ ಮದ್ದೆಂದು ಇನ್ನೊಂದು ಚಮಚ ಪುಡಿ, ಇನ್ನೊಂದು ಮುಚ್ಚಳ ಕಂಡೀಷನರ್ ಸುರಿದರೆ ರೋಗ ಹೆಚ್ಚುತ್ತದೆ. ಕರಗದ ಪುಡಿ, ಕಂಡೀಷನರಿನ ಅಂಟು, ಬಟ್ಟೆಯ ಎಳೆ ಎಲ್ಲ ಸೇರಿ ಡ್ರಮ್ಮಿನ ಹಿಂದೆ, ನಮ್ಮ ಕಣ್ಣಿಗೆ ಬೀಳದ ಕಡೆ, ಲೋಳೆಯಾಗಿ ಕೂರುತ್ತವೆ.

1. ಪುಡಿಯನ್ನು ಅಳೆದೇ ಹಾಕಿ. ಫ್ರಂಟ್ ಲೋಡ್‌ಗೆ ಕಡಿಮೆ ನೊರೆಯದ್ದೇ ಆಗಬೇಕು. ಬೋರ್‌ವೆಲ್ಲಿನ ಗಡಸು ನೀರಿಗೆ ತುಸು ಹೆಚ್ಚು, ಕಾವೇರಿ ನೀರಿಗೆ ಕಡಿಮೆ ಸಾಕು. ಒಂದು ಪರೀಕ್ಷೆ ಮಾಡಿ ನೋಡಿ: ಬಟ್ಟೆಯಿಲ್ಲದೆ, ಪುಡಿಯಿಲ್ಲದೆ ಬಿಸಿನೀರಿನಲ್ಲಿ ಮಷಿನ್ ಓಡಿಸಿ. ಗಾಜಿನಾಚೆ ನೊರೆ ಎದ್ದರೆ ಅದು ಹಿಂದಿನ ಒಗೆತಗಳ ಬಾಕಿ.

2. ಟವೆಲ್, ಬೆಡ್‌ಶೀಟ್‌ಗಳನ್ನು ವಾರಕ್ಕೊಮ್ಮೆಯಾದರೂ 60 ಡಿಗ್ರಿಯಲ್ಲಿ ಒಗೆಯಿರಿ. ಬರೀ ತಣ್ಣೀರಿಗೆ ಮೈಜಿಡ್ಡು ಸರಿಯಾಗಿ ಬಿಡುವುದಿಲ್ಲ.

3. ತಿಂಗಳಿಗೊಮ್ಮೆ ಖಾಲಿ ಮಷಿನ್ನಿಗೆ ಟಬ್ ಕ್ಲೀನ್ ಕೊಡಿ. ಹೀಟರ್ ಇಲ್ಲದ ಟಾಪ್ ಲೋಡ್ ಆದರೆ ಗೀಸರ್ ನೀರು ತುಂಬಿಸಿ, ಆಕ್ಸಿಜನ್ ಬ್ಲೀಚ್ ಹಾಕಿ, ಐದು ನಿಮಿಷ ತಿರುಗಿಸಿ ಒಂದು ಗಂಟೆ ನೆನೆಯಲು ಬಿಡಿ. ಕಂದು ಚಕ್ಕೆಗಳು ತೇಲಿ ಬಂದರೆ ಗಾಬರಿ ಬೇಡ, ಬರಬೇಕಾದದ್ದೇ ಅದು. ಜಾಲರಿಯಲ್ಲಿ ಎತ್ತಿ ಹಾಕಿ, ಮತ್ತೊಮ್ಮೆ ಓಡಿಸಿ.

ಗಡಸು ನೀರಿನ ಮನೆಗಳಲ್ಲಿ ಬಿಳಿ ಪೊರೆಯೂ ಕಟ್ಟುತ್ತದೆ, ಲೋಳೆ ಅದನ್ನೇ ಹಿಡಿದು ಬೆಳೆಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಸುಮಾರು 100 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಅಡುಗೆಮನೆಯ ನಿಂಬೆ ಉಪ್ಪು, ಹಾಕಿ ಬಿಸಿನೀರಿನಲ್ಲಿ ಓಡಿಸಿ. ಆದರೆ ದಯವಿಟ್ಟು ನೆನಪಿಡಿ: ಕ್ಲೋರಿನ್ ಬ್ಲೀಚನ್ನು ನಿಂಬೆ ಉಪ್ಪು, ವಿನೆಗರ್, ಆಸಿಡ್ ಯಾವುದರ ಜೊತೆಗೂ ಬೆರೆಸಬಾರದು. ಹುಟ್ಟುವ ಕ್ಲೋರಿನ್ ಗಾಳಿ ಶ್ವಾಸಕೋಶವನ್ನೇ ಸುಡುತ್ತದೆ.

4. ಫ್ರಂಟ್ ಲೋಡ್ ಬಾಗಿಲಿನ ರಬ್ಬರ್ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿ. ಕೂದಲು, ನಾಣ್ಯ, ಹೇರ್‌ಪಿನ್, ಕೆಳಗೆ ನಿಂತ ಬೂದು ನೀರು ಎಲ್ಲ ಅಲ್ಲೇ. ದಿನದ ಕೊನೆಯ ಒಗೆತ ಮುಗಿದ ಮೇಲೆ ಒಣಬಟ್ಟೆಯಿಂದ ಒರೆಸುವುದಕ್ಕೆ ಅರ್ಧ ನಿಮಿಷವೂ ಬೇಡ.

5. ಮುಂಭಾಗದ ಕೆಳಮೂಲೆಯ ಪುಟ್ಟ ಮುಚ್ಚಳದ ಹಿಂದೆ ಡ್ರೈನ್ ಫಿಲ್ಟರ್ ಇರುತ್ತದೆ. ಪ್ಲಗ್ ತೆಗೆದು, ತಟ್ಟೆಯೊಂದನ್ನು ಕೆಳಗಿಟ್ಟು, ನಿಧಾನವಾಗಿ ತಿರುಗಿಸಿ. ಬಿಸಿನೀರಿನ ಒಗೆತ ಮುಗಿದ ಕೂಡಲೇ ಮಾತ್ರ ಬೇಡ, ಕೈ ಸುಟ್ಟೀತು. ಟಾಪ್ ಲೋಡ್‌ನವರು ಜಾಲರಿ ಚೀಲವನ್ನು ಪ್ರತಿ ಒಗೆತಕ್ಕೂ ತೊಳೆಯಲಿ.

6. ಪುಡಿ ಹಾಕುವ ಡ್ರಾಯರ್ ಪೂರ್ತಿ ಹೊರಬರುತ್ತದೆ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ.

7. ಒಗೆತ ಮುಗಿದ ಕೂಡಲೇ ಬಟ್ಟೆ ತೆಗೆಯಿರಿ, ಬಾಗಿಲು ತೆರೆದಿಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಒದ್ದೆ ಬಟ್ಟೆ ರಾತ್ರಿಯಿಡೀ ಒಳಗಿದ್ದರೆ ಬೆಳಗ್ಗೆ ಮತ್ತೆ ಒಗೆಯಬೇಕು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ, ತೆರೆದಿಟ್ಟ ಮಷಿನ್ನೊಳಗೆ ಅವರು ಹೊಕ್ಕದಂತೆ ಕೋಣೆಯ ಬಾಗಿಲಿಗೆ ಚಿಲಕ ಹಾಕಿ.

8. ಇಷ್ಟಾದರೂ ಚರಂಡಿ ವಾಸನೆ ಬಂದರೆ ಮಷಿನ್ನನ್ನು ದೂರಬೇಡಿ. ನೀರು ಹೋಗುವ ಪೈಪ್ ಮೋರಿಯೊಳಗೆ ತೀರ ಆಳಕ್ಕಿಳಿದಿದೆಯೇ ನೋಡಿ. ವಾಸನೆ ತಡೆಯಲು ನೀರು ನಿಂತಿರಬೇಕಾದ ನೆಲದ ನಹನಿ ಟ್ರ್ಯಾಪ್ ಒಣಗಿದ್ದರೆ ಒಂದು ಚೊಂಬು ನೀರು ಸುರಿಯಿರಿ.