ವಿಮಾನ ಚಾಲಕರಿಗೇಕೆ ವಯಸ್ಸಿನ ಮಿತಿ?

ವೈದ್ಯನೂ ವಕೀಲನೂ ಮೈಯಲ್ಲಿ ಶಕ್ತಿಯಿರುವವರೆಗೆ ತಮ್ಮ ವೃತ್ತಿಯನ್ನು ನಡೆಸಬಹುದು. ಪ್ರಯಾಣಿಕರ ವಿಮಾನವನ್ನು ನಡೆಸುವವರಿಗೆ ಈ ಸ್ವಾತಂತ್ರ್ಯವಿಲ್ಲ. ಎಷ್ಟೇ ಗಟ್ಟಿಮುಟ್ಟಾಗಿರಲಿ, ಎಷ್ಟು ಸಾವಿರ ಗಂಟೆಗಳ ಹಾರಾಟದ ಅನುಭವವಿರಲಿ, ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಿಮಾನ ಸಂಸ್ಥೆಯ ಚಾಲಕನು ೬೫ ವರ್ಷ ತುಂಬಿದೊಡನೆ ತನ್ನ ಪೀಠವನ್ನು ಬಿಟ್ಟಿಳಿಯಲೇಬೇಕು. ನಮ್ಮ ದೇಶದಲ್ಲಿಯೂ ಮಿತಿ ಅಷ್ಟೇ. ಈ ಕಟ್ಟಳೆಯ ಹಿಂದಿರುವ ವಿಜ್ಞಾನವೇನು, ಅದಕ್ಕೊಳಗಾದವರ ಬಾಳಿನ ಮೇಲೆ ಅದರ ಪರಿಣಾಮವೇನು ಎಂಬುದನ್ನು ಅಮೆರಿಕದ ಉದಾಹರಣೆಯಿಂದ ವಿಚಾರ ಮಾಡೋಣ.

ಅಮೆರಿಕದಲ್ಲಿ ಈ ಮಿತಿಯನ್ನು ಮೊದಲು ೬೦ ಎಂದು ಗೊತ್ತುಮಾಡಲಾಗಿತ್ತು. ೧೯೫೯ರ ಡಿಸೆಂಬರಿನಲ್ಲಿ ಪ್ರಕಟವಾದ ಆ ನಿಯಮ ೧೯೬೦ರ ಮಾರ್ಚಿಯಲ್ಲಿ ಜಾರಿಗೆ ಬಂದಿತು. ವಯಸ್ಸಾದಂತೆ ಹೃದಯಾಘಾತವೇ ಮೊದಲಾದ ಹಠಾತ್ ವಿಪತ್ತುಗಳು ಹೆಚ್ಚುತ್ತವೆ. ಆದರೆ ಅವು ಯಾರಿಗೆ, ಎಂದು ಒದಗುತ್ತವೆಂಬುದನ್ನು ವೈದ್ಯಕೀಯ ಪರೀಕ್ಷೆಯಿಂದ ಮುಂದಾಗಿ ಹೇಳಲಾಗದು ಎಂಬುದೇ ಅದಕ್ಕೆ ಕೊಟ್ಟ ಕಾರಣ. ೨೦೦೬ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು, ಇಬ್ಬರು ಚಾಲಕರಿರುವ ವಿಮಾನಗಳಿಗೆ ಮಿತಿಯನ್ನು ೬೫ಕ್ಕೆ ಏರಿಸಿತು. ೨೦೦೭ರ ಡಿಸೆಂಬರಿನಲ್ಲಿ ಅಮೆರಿಕವೂ ಅದನ್ನೇ ಅನುಸರಿಸಿತು.

ಮಿತಿಗೆ ಬಹಳ ಮೊದಲೇ ದೇಹ ತನ್ನ ಸೂಚನೆಗಳನ್ನು ಕೊಡತೊಡಗುತ್ತದೆ. ನಲವತ್ತರ ಸುಮಾರಿಗೆ ಕಣ್ಣಿನ ಮಸೂರವು ಗಡುಸಾಗಿ, ಹತ್ತಿರದ ವಸ್ತುಗಳ ಮೇಲೆ ದೃಷ್ಟಿ ನಿಲ್ಲುವುದು ಕಷ್ಟವಾಗುತ್ತದೆ. ಚಾಲಕನಾದರೋ ದೂರದ ಓಡುಹಾದಿಯನ್ನೂ ಕಣ್ಣೆದುರಿನ ಮಾಪಕಗಳನ್ನೂ ಒಂದಾದ ಮೇಲೊಂದರಂತೆ ಸ್ಪಷ್ಟವಾಗಿ ಕಾಣಬೇಕು. ಈ ಕೊರತೆಯನ್ನು ಕನ್ನಡಕ ತುಂಬಿಕೊಡುತ್ತದೆ. ಹೃದಯಕ್ಕೆ ಅಂತಹ ಸುಲಭ ಪರಿಹಾರವಿಲ್ಲ. ಆದುದರಿಂದ ಅಮೆರಿಕದ ವಿಮಾನ ಸಂಸ್ಥೆಗಳ ಕಪ್ತಾನರು ೪೦ ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ವೈದ್ಯ ಪರೀಕ್ಷೆಗೆ ಒಳಗಾಗಬೇಕು. ವರ್ಷಕ್ಕೊಮ್ಮೆ ಹೃದಯದ ವಿದ್ಯುಲ್ಲೇಖನವನ್ನೂ ತೆಗೆಸಿಕೊಳ್ಳಬೇಕು.

ಇಷ್ಟಾದರೂ ಅಪಾಯ ಸೊನ್ನೆಯಾಗುವುದಿಲ್ಲ. ಎಷ್ಟು ಅಪಾಯವನ್ನು ಸಹಿಸಬಹುದು? ಇದನ್ನು ಲೆಕ್ಕಹಾಕಲು ವಾಯುಯಾನ ವೈದ್ಯರು ‘ಶೇಕಡ ಒಂದರ ನಿಯಮ’ವೆಂಬ ಒಂದು ಅಳತೆಗೋಲನ್ನು ಬಳಸುತ್ತಾರೆ. ಒಬ್ಬ ಚಾಲಕನು ಒಂದು ವರ್ಷದಲ್ಲಿ ಹಠಾತ್ತನೆ ಅಸಮರ್ಥನಾಗುವ ಸಂಭವ ನೂರರಲ್ಲಿ ಒಂದು ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ೮,೭೬೦ ಗಂಟೆಗಳು. ಆದುದರಿಂದ ಯಾವುದಾದರೂ ಒಂದು ಗಂಟೆಯಲ್ಲಿ ಹಾಗಾಗುವ ಸಂಭವ ಸ್ಥೂಲವಾಗಿ ಹತ್ತು ಲಕ್ಷದಲ್ಲಿ ಒಂದು. ವಿಮಾನವು ನೆಲಕ್ಕೆ ಸಮೀಪವಾಗಿ ಏರುವ ಮತ್ತು ಇಳಿಯುವ ಹೊತ್ತೇ ನಿಜವಾದ ಗಂಡಾಂತರದ ಕಾಲ. ಅದು ಒಂದು ಗಂಟೆಯ ಹಾರಾಟದ ಹತ್ತನೆಯ ಒಂದು ಭಾಗವೆಂದರೆ, ಸಂಭವ ಕೋಟಿಗೆ ಒಂದಕ್ಕೆ ಇಳಿಯುತ್ತದೆ. ಆಗಲೂ ಪಕ್ಕದಲ್ಲಿರುವ ಎರಡನೆಯ ಚಾಲಕನು ನೂರರಲ್ಲಿ ೯೯ ಸಲ ವಿಮಾನವನ್ನು ಹತೋಟಿಗೆ ತಂದುಕೊಳ್ಳುತ್ತಾನೆಂದು ಎಣಿಸಿದರೆ, ದುರಂತದ ಸಂಭವ ನೂರು ಕೋಟಿ ಗಂಟೆಗಳಿಗೆ ಒಂದು. ಒಬ್ಬನೇ ಚಾಲಕನಿದ್ದರೆ ಈ ಕೊನೆಯ ರಕ್ಷಣೆ ಇಲ್ಲವಾಗಿ, ಅಪಾಯ ಅನೇಕ ಪಟ್ಟು ಹೆಚ್ಚುತ್ತದೆ. ಏಕ ಚಾಲಕನ ಬಾಡಿಗೆ ಹಾರಾಟಗಳಿಗೆ ಅಂತರರಾಷ್ಟ್ರೀಯ ಮಿತಿಯನ್ನು ೬೦ರಲ್ಲಿಯೇ ಉಳಿಸಿದುದು ಏಕೆಂಬುದು ಇದರಿಂದ ವಿಶದವಾಗುತ್ತದೆ.

ವಯಸ್ಸು ಕಳೆಯುವುದರ ಜೊತೆಗೆ ಕೂಡಿಸುವುದೂ ಉಂಟು. ೨೦೦೯ರ ಜನವರಿ ೧೫ರಂದು ನ್ಯೂಯಾರ್ಕಿನಿಂದ ಮೇಲೆದ್ದ ವಿಮಾನವೊಂದಕ್ಕೆ ಹಕ್ಕಿಗಳು ಬಡಿದು ಎರಡು ಎಂಜಿನುಗಳೂ ಕೆಟ್ಟವು. ಕಪ್ತಾನ ಚೆಸ್ಲಿ ಸಲೆನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. ಒಳಗಿದ್ದ ೧೫೫ ಮಂದಿಯೂ ಬದುಕಿದರು. ಆಗ ಅವರಿಗೆ ೫೭ ವರ್ಷ. ವಯೋಮಿತಿಯೆಂಬುದು ಸಮುದಾಯದ ಸರಾಸರಿಯನ್ನು ನೋಡಿ ಹಾಕಿದ ಗೆರೆಯೇ ಹೊರತು ಒಬ್ಬೊಬ್ಬರ ಯೋಗ್ಯತೆಯನ್ನು ತೂಗಿ ಕೊಟ್ಟ ತೀರ್ಪಲ್ಲ.

ಅದೇ ಕಪ್ತಾನರು ಮರು ತಿಂಗಳು ಅಮೆರಿಕದ ಶಾಸನಸಭೆಯ ಸಮಿತಿಯ ಮುಂದೆ ಸಾಕ್ಷ್ಯ ನುಡಿದು, ತಮ್ಮ ವೇತನ ಶೇಕಡ ೪೦ರಷ್ಟು ಇಳಿದಿದೆಯೆಂದೂ, ನಿವೃತ್ತಿ ವೇತನದ ಯೋಜನೆಯೇ ರದ್ದಾಗಿದೆಯೆಂದೂ ತಿಳಿಸಿದರು. ಇದು ಅವರೊಬ್ಬರ ಪಾಡಾಗಿರಲಿಲ್ಲ. ೨೦೦೧ರ ನಂತರ ಅಲ್ಲಿನ ಹಲವು ವಿಮಾನ ಸಂಸ್ಥೆಗಳು ದಿವಾಳಿಯ ನ್ಯಾಯಾಲಯವನ್ನು ಹೊಕ್ಕವು. ರದ್ದಾದ ಯೋಜನೆಗಳ ಹೊಣೆ ಸರ್ಕಾರದ ಖಾತರಿ ನಿಗಮದ ಮೇಲೆ ಬಿದ್ದಿತು. ಈ ನಿಗಮವು ತನ್ನ ಗರಿಷ್ಠ ಮೊತ್ತವನ್ನು ೬೫ನೆಯ ವಯಸ್ಸಿಗೆ ಲೆಕ್ಕಹಾಕುತ್ತದೆ. ೬೦ರಲ್ಲಿಯೇ ಪಡೆಯತೊಡಗುವವನಿಗೆ ಅದರ ಶೇಕಡ ೬೫ ಮಾತ್ರ ದೊರೆಯುತ್ತದೆ. ಆ ಕಾಲದ ಚಾಲಕನನ್ನು ಒಂದು ಕಾನೂನು ೬೦ಕ್ಕೇ ಮನೆಗೆ ಕಳುಹಿಸುತ್ತಿತ್ತು. ಇನ್ನೊಂದು ಕಾನೂನು, ನೀನು ಬೇಗ ಬಂದೆಯೆಂದು ಅವನ ಪಾಲನ್ನು ಕಡಿಯುತ್ತಿತ್ತು. ೨೦೦೭ರ ಬದಲಾವಣೆ ಈ ಅಂತರವನ್ನು ಮುಚ್ಚಿತಾದರೂ, ಅದಕ್ಕೆ ಮೊದಲೇ ನಿವೃತ್ತರಾಗಿ ಮನೆ ಸೇರಿದ್ದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಇದರಿಂದ ನಾವು ಕಲಿಯಬೇಕಾದುದೇನು? ಈ ವೃತ್ತಿಯಲ್ಲಿ ೬೫ ಎಂಬುದು ಕೊನೆಯ ಗಡುವೇ ಹೊರತು ಭರವಸೆಯ ದಿನವಲ್ಲ. ಯಾವ ವೈದ್ಯ ಪರೀಕ್ಷೆಯಾದರೂ ಗಳಿಕೆಯನ್ನು ನಿಲ್ಲಿಸಬಹುದು. ಆದುದರಿಂದ ಉಳಿತಾಯ ಬೇಗ ಮೊದಲಾಗಬೇಕು. ವರ್ಷಕ್ಕೆ ಶೇಕಡ ೭.೨ರ ಚಕ್ರಬಡ್ಡಿಯಲ್ಲಿ ಹಣ ಸುಮಾರು ಹತ್ತು ವರ್ಷಕ್ಕೆ ಇಮ್ಮಡಿಯಾಗುತ್ತದೆ. ೨೫ರಲ್ಲಿ ಇಟ್ಟ ಒಂದು ರೂಪಾಯಿ ೬೫ಕ್ಕೆ ಹದಿನಾರಾದರೆ, ೪೫ರಲ್ಲಿ ಇಟ್ಟದ್ದು ಕೇವಲ ನಾಲ್ಕಾಗುತ್ತದೆ. ಅನಾರೋಗ್ಯದಿಂದ ಪರವಾನಗಿ ಹೋದರೆ ಪರಿಹಾರ ಕೊಡುವ ವಿಮೆಯೂ ಉಂಟು. ಅದನ್ನು ಆರೋಗ್ಯ ಚೆನ್ನಾಗಿರುವಾಗಲೇ ಮಾಡಿಸಬೇಕು. ವಿಮಾನ ಚಾಲಕರಾಗಬಯಸುವ ವಿದ್ಯಾರ್ಥಿಗಳು ಹಾರಾಟದ ಪಾಠದೊಡನೆ ಈ ಸರಳ ಗಣಿತವನ್ನೂ ಮೊದಲ ಸಂಬಳದ ದಿನವೇ ನೆನೆಯುವುದು ಒಳಿತು.