ಮಧ್ಯಯುಗದ ಲಂಡನ್ನಿನಲ್ಲಿ ಬಾವಿ ಮತ್ತು ಮಲಗುಂಡಿ

ಮಧ್ಯಯುಗದ ಐರೋಪ್ಯ ಪಟ್ಟಣವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಇಕ್ಕಟ್ಟಾದ ಬೀದಿ, ಮಹಡಿಯ ಕಿಟಕಿಯಿಂದ ದಾರಿಹೋಕರ ಮೇಲೆ ಕೊಳಚೆಯನ್ನು ಸುರಿಯುವ ಜನ. ಅವರು ಹೇಸಿಗೆಯೆಂಬುದನ್ನೇ ಅರಿಯದವರೆಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಲಂಡನ್ ನಗರದ ಹಳೆಯ ನ್ಯಾಯದಾಖಲೆಗಳನ್ನು ಓದಿದರೆ ಈ ತೀರ್ಮಾನ ನಿಲ್ಲುವುದಿಲ್ಲ. ದುರ್ಗಂಧಕ್ಕೆ ಒಗ್ಗಿಹೋದವನು ನ್ಯಾಯಸ್ಥಾನದ ಮೆಟ್ಟಿಲು ಹತ್ತುವನೇ?

ಮನೆಗೋಡೆ, ಚರಂಡಿ, ಕಕ್ಕಸುಗಳ ವಿಷಯವಾಗಿ ನೆರೆಹೊರೆಯವರಲ್ಲಿ ಉಂಟಾದ ವ್ಯಾಜ್ಯಗಳ ದಾಖಲೆಗಳು ಅಲ್ಲಿ 1301ರಿಂದ 1431ರವರೆಗೆ ಉಳಿದುಬಂದಿವೆ. ನಗರಾಧ್ಯಕ್ಷನೂ ಹಿರಿಯ ಸದಸ್ಯರೂ ತಾವೇ ಸ್ಥಳಕ್ಕೆ ಹೋಗಿ ನೋಡಿ ತೀರ್ಪು ಕೊಡುತ್ತಿದ್ದರು. 1314ರ ಒಂದು ಮೊಕದ್ದಮೆಯನ್ನು ನೋಡೋಣ. ಆಲಿಸ್ ವೇಡ್ ಎಂಬಾಕೆಯು ತನ್ನ ಮಹಡಿಯ ಕಕ್ಕಸಿಗೆ ಮರದ ಕೊಳವೆಯೊಂದನ್ನು ಜೋಡಿಸಿ, ಮಳೆಯ ನೀರು ಹರಿಯುವ ಚರಂಡಿಗೆ ಅದನ್ನು ಬಿಟ್ಟಿದ್ದಳು. ಉಪಾಯವೇನೋ ಜಾಣತನದ್ದೇ! ಆದರೆ ಆ ಚರಂಡಿ ನೆರೆಯವರ ಮನೆಗಳ ಅಡಿಯಲ್ಲಿ ಹಾದುಹೋಗುತ್ತಿತ್ತು. ಮಲ ಕಟ್ಟಿಕೊಂಡು ನಾತ ತಡೆಯಲಾಗಲಿಲ್ಲ. ನಲವತ್ತು ದಿನಗಳೊಳಗೆ ಕೊಳವೆಯನ್ನು ತೆಗೆಯಬೇಕೆಂದು ಆಜ್ಞೆಯಾಯಿತು.

ಹೆಚ್ಚಿನ ಮನೆಗಳ ಆಶ್ರಯ ಮಲಗುಂಡಿಯೇ. ದ್ರವಭಾಗವು ಮಣ್ಣಿನೊಳಗೆ ಇಂಗಿಹೋಗುತ್ತಿತ್ತು. ಉಳಿದುದನ್ನು ಆ ಕೆಲಸದವರು ರಾತ್ರಿಯ ಹೊತ್ತು ತೋಡಿ ಸಾಗಿಸುತ್ತಿದ್ದರು. ಇಂಥ ಹಳೆಯ ಗುಂಡಿಗಳ ಮಣ್ಣನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ ಸಂಶೋಧಕರಿಗೆ ಕರುಳಿನ ಜಂತುಹುಳುಗಳ ಮೊಟ್ಟೆಗಳು ಸಿಕ್ಕಿವೆ. ಅಂದಿನ ಜನರ ಹೊಟ್ಟೆನೋವಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಗುಂಡಿಗೂ ನಿಯಮವಿತ್ತು. ಒಳಗೆ ಕಲ್ಲು ಕಟ್ಟಿದ ಗುಂಡಿಯು ನೆರೆಯವನ ಜಾಗದಿಂದ ಎರಡೂವರೆ ಅಡಿ ದೂರವಿರಬೇಕು. ಕಲ್ಲು ಕಟ್ಟದಿದ್ದರೆ ಮೂರೂವರೆ ಅಡಿ. ಈ ಅಳತೆಯನ್ನು ನಾವು ಗಮನಿಸಬೇಕು. ನೆರೆಯವನ ಗೋಡೆಗೆ ತೇವ ತಗಲದಂತೆ ಕಾಯಲು ಇದು ಸಾಕಾಗಿರಬಹುದು. ಬಾವಿಯನ್ನು ಕಾಯಲು ಸಾಲದು. ಹಳೆಯ ಲಂಡನ್ನಿನ ಬಹುಭಾಗವು ನದಿ ತಂದೊಟ್ಟಿದ ಗರಸಿನ ಪದರದ ಮೇಲೆ ನಿಂತಿದೆ. ಅದರ ಕೆಳಗಿರುವುದು ದಪ್ಪನಾದ ಜೇಡಿಮಣ್ಣು. ಗರಸಿನಲ್ಲಿ ಸರಾಗವಾಗಿ ಇಳಿದ ನೀರು ಜೇಡಿಯನ್ನು ದಾಟಲಾರದೆ ಅದರ ಮೇಲೆಯೇ ನಿಲ್ಲುತ್ತದೆ. ಆದುದರಿಂದಲೇ ಅಲ್ಲಿ ಬಾವಿ ತೋಡುವುದು ಸುಲಭವಾಗಿತ್ತು. ಮಲಗುಂಡಿಯ ದ್ರವ ಇಂಗುತ್ತಿದ್ದುದೂ ಅದೇ ಗರಸಿನೊಳಗೆ!

ಒಳ್ಳೆಯ ನೀರಿಗಾಗಿ ನಗರವು ದೂರಕ್ಕೆ ಕೈಚಾಚಿತು. 1237ರಲ್ಲಿ ಪಶ್ಚಿಮಕ್ಕಿದ್ದ ಟೈಬರ್ನ್ ಪ್ರದೇಶದ ಬುಗ್ಗೆಗಳ ಹಕ್ಕನ್ನು ಪಡೆದು, ಸೀಸದ ಕೊಳವೆಗಳ ಮೂಲಕ ಚೀಪ್‌ಸೈಡ್ ಪೇಟೆಯ ತೊಟ್ಟಿಗೆ ನೀರನ್ನು ತರಲಾಯಿತು. ಯಂತ್ರವಿಲ್ಲ, ನೆಲದ ಇಳಿಜಾರೇ ನೀರನ್ನು ನಡೆಸಿತು. ಈ ನೀರಿನ ಮೇಲೂ ಜಗಳ ತಪ್ಪಲಿಲ್ಲ. ಬಡವರ ಕುಡಿಯುವ ನೀರನ್ನು ಬಿಯರ್ ತಯಾರಕರು ಬರಿದುಮಾಡುತ್ತಿದ್ದಾರೆಂದು 1345ರಲ್ಲಿ ನಾಗರಿಕರು ದೂರಿಕೊಂಡರು. ಕೊಳವೆಯ ನೀರು ಎಲ್ಲರಿಗೂ ಸಾಲದಾದುದರಿಂದ ಜನರು ಬಾವಿಗಳನ್ನೂ ಥೇಮ್ಸ್ ನದಿಯನ್ನೂ ಬಿಡುವಂತಿರಲಿಲ್ಲ. ಅದೇ ಥೇಮ್ಸಿನ ದಡದಲ್ಲಿ, 15ನೆಯ ಶತಮಾನದ ಆದಿಯಲ್ಲಿ, ರಿಚರ್ಡ್ ವಿಟಿಂಗ್ಟನ್ನನ ಧನದಿಂದ 128 ಆಸನಗಳ ಸಾರ್ವಜನಿಕ ಶೌಚಗೃಹವು ನಿರ್ಮಾಣವಾಯಿತು. ನದಿಯ ಉಬ್ಬರವಿಳಿತವೇ ಅದನ್ನು ತೊಳೆಯುತ್ತಿತ್ತು.

ಕೆಟ್ಟ ಗಾಳಿಯೇ ರೋಗದ ಮೂಲವೆಂದು ಅಂದಿನ ವೈದ್ಯರು ನಂಬಿದ್ದರು. ಮೂಗಿಗೆ ತಿಳಿದ ಅಪಾಯದೊಡನೆ ನಗರವು ಹೋರಾಡಿತು. ತಿಳಿಯಾಗಿ, ರುಚಿಯಾಗಿ ಕಾಣುವ ನೀರಿನಲ್ಲಿ ಅಡಗಿದುದನ್ನು ಮೂಗು ತಿಳಿಸಲಾರದು. ಈ ನಂಬಿಕೆ ಎಷ್ಟು ದೀರ್ಘಾಯುವೆಂದರೆ, 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಣ ಕಾಲರಾಕ್ಕೆ ಅಲ್ಲಿಯ ಪಂಪಿನ ನೀರೇ ಕಾರಣವೆಂದು ಜಾನ್ ಸ್ನೋ ಎಂಬ ವೈದ್ಯನು ವಾದಿಸಿದಾಗಲೂ ಅನೇಕರು ಒಪ್ಪಲಿಲ್ಲ. ಮರುವರ್ಷ ನೆಲವನ್ನು ಅಗೆದು ನೋಡಲಾಯಿತು. ಪಕ್ಕದ ಮನೆಯ ಮಲಗುಂಡಿಯ ಇಟ್ಟಿಗೆಗಳು ಶಿಥಿಲವಾಗಿದ್ದವು. ಅಲ್ಲಿಂದ ಬಾವಿಗೆ ಇದ್ದ ಅಂತರ ಮೂರು ಅಡಿಗೂ ಕಡಿಮೆ.